ಒಂದೊರ್ಷದ ಕೂಸಿಗೆ ಏನ್ ತಕೊಂಡೋಗೋದು?

ನಮ್ಮ ತಂಗಿ ಮಗಳನ್ನ ಕೊಟ್ಟಿರೋದು ತಿ. ನರಸೀಪುರಕ್ಕೆ. ಹೋದೊರ್ಷ ಮಾಗಿ ಚಳೀಲಿ ಅವಳ ಮಗಂಗೆ ಒಂದೊರ್ಷ ತುಂಬ್ತು. ವಾರ ಮುಂಚೇನೆ ಫೋನ್ ಮಾಡಿ, "ದೊಡ್ಡವ್ವ, ಭಾನ್ವಾರ ನೀನು ಬರ್ನಿಲ್ಲ ಅಂದ್ರೆ ನಾನು ಕೇಕೇ ಕುಯ್ಸಾಕಿಲ್ಲ ಕನ" ಅಂದ್ಲು.

"ಬತ್ತೀನಿ ಕನವ್ವ, ಬರ್ದೆ ಇರ್ತೀನಾ" ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ಶುರುವಾಯ್ತು ನೋಡಿ ಯೋಚನೆ. ಏನ್ ತಕೊಂಡೋಗೋದು?

ಬೆಳ್ಳಿ ಉಡಿದಾರ, ಕಾಲಿಗೆ ಕಡಗ ಎಲ್ಲ ಹೆಸರಿಡೋ ದಿನವೇ ಆಗೋಗಿತ್ತು. ಬಟ್ಟೆ ತಕೊಂಡ್ರೆ ಮೂರು ತಿಂಗಳಿಗೆ ಗಿಡ್ಡ ಆಗ್ತದೆ. ಕವರ್‌ಗೆ ದುಡ್ಡು ಹಾಕಿ ಕೊಟ್ರೆ ಅದು ಅವರವ್ವನ ಸಾಸಿವೆ ಡಬ್ಬಿ ಸೇರ್ತದೆ, ಕೂಸಿಗೇನು ಬಂತು? ಆಟದ ಸಾಮಾನೇ ಕೊಡಾನ ಅಂತ ತೀರ್ಮಾನ ಮಾಡಿದೆ. ನಮ್ಮನೆಯವರು ಪೇಪರ್ ಒಳಗಿಂದಲೇ, "ಏನಾದ್ರು ತಕ್ಕೊ, ದೊಡ್ದಾಗಿ ಕಾಣಂಗಿರ್ಲಿ" ಅಂದ್ರು.

ಆ ಮಾತಲ್ಲೇ ಎಲ್ಲ ಇದೆ ಅಂತ ಆಮೇಲೆ ಹೊಳೀತು. ದೊಡ್ದಾಗಿ ಕಾಣೋದು ಯಾರ ಕಣ್ಣಿಗೆ? ಬೀಗರ ಕಣ್ಣಿಗೆ, ಫೋಟೋ ಹೊಡ್ಯೋರ ಕಣ್ಣಿಗೆ. ಒಂದೊರ್ಷದ ಕೂಸು ಬಾಕ್ಸ್ ಒಡೆದ್ರೆ ಒಳಗಿನ ಕಾರು ಬುಟ್ಟು ಆ ರಟ್ಟಿನ ಡಬ್ಬೀಲೇ ಆಡ್ತದೆ. ನಿಮ್ಮನೆ ಮಕ್ಕಳೂ ಹಂಗೇ ಮಾಡಿರ್ತವೆ, ನೆಪ್ಪು ಮಾಡ್ಕೊಳ್ಳಿ.

ನಮ್ಮ ಕಾಲದಲ್ಲಿ ಈ ತಲೆನೋವೇ ಇರ್ಲಿಲ್ಲ. ನಾನು ಹುಟ್ಟಿ ಬೆಳೆದು ಸೇರಿರೋದು ಎಲ್ಲ ನಂಜನಗೂಡೇ. ವರ್ಷಕ್ಕೊಂದು ದೊಡ್ಡ ಜಾತ್ರೆ, ಐದು ತೇರು. ಗೌತಮ ರಥ ಹೊರಟ್ರೆ ನೆಲ ಅದುರೋದು. ತೇರು ನಿಂತ ಮೇಲೆ ಅಪ್ಪ ನಮ್ಮನ್ನ ಅಂಗಡಿ ಸಾಲಿಗೆ ಕರ್ಕೊಂಡೋಗಿ ಒಬ್ಬೊಬ್ಬರಿಗೆ ಒಂದೊಂದು ಸಾಮಾನು ಕೊಡಿಸೋರು. ಪೀಪಿ, ಬುಗುರಿ, ಮಣ್ಣಿನ ಒಲೆ ಮಡಕೆ, ತಲೆ ಅಲ್ಲಾಡಿಸೋ ಗೊಂಬೆ. ಸಂಜೆಗೆ ಅರ್ಧ ಮುರಿದು ಹೋಗಿರೋದು. ಮಿಕ್ಕಿದ ವರ್ಷ ಪೂರ್ತಿ ಹುಣಸೆ ಬೀಜ, ಬೆಂಕಿಪೊಟ್ಟಣ, ಅವ್ವನ ಪಾತ್ರೆ. ಅಷ್ಟರಲ್ಲೇ ಬೆಳೆದ್ವಿ.

ಈಗ ಅಂಗಡೀಗ್ ಹೋದ್ರೆ ಕಣ್ಣು ಕತ್ತಲೆ ಬರ್ತದೆ. ಒಂದು ಕಾರು ತಾನೇ ಓಡ್ತದೆ, ತಾನೇ ಹಾಡ್ತದೆ, ಗೋಡೆಗೆ ಗುದ್ದಿ ತಾನೇ ತಿರುಗ್ತದೆ, ಮೈ ತುಂಬ ಕೆಂಪು ನೀಲಿ ಲೈಟು. ಅಂಗಡಿಯವನು ಸ್ವಿಚ್ ಹಾಕಿ ನೆಲದ ಮೇಲೆ ಬುಟ್ಟು, "ನೋಡಿ ಅಮ್ಮ, ಮಗು ಸುಮ್ನೆ ಕುಂತ್ಕೊಂಡು ನೋಡ್ತಾನೇ ಇರ್ತದೆ" ಅಂದ. ಅವನು ಹೊಗಳಿದ್ದು. ನಂಗೆ ಅದೇ ಹಿಡಿಸ್ಲಿಲ್ಲ. ಕೂಸು ಸುಮ್ನೆ ಕುಂತ್ಕೊಂಡು ನೋಡಾಕೆ ಆಟದ ಸಾಮಾನು ಯಾಕೆ? ಎಲ್ಲಾ ಆಟ ಆ ಕಾರೇ ಆಡ್ಬುಟ್ರೆ ಕೂಸು ಆಡೋದೇನು?

ನಮ್ಮ ಬೀದೀಲಿ ಬಾಳ ವರ್ಷ ಅಂಗನವಾಡಿ ನಡೆಸಿದ ಅಕ್ಕ ಒಬ್ರು ಇದ್ದಾರೆ. ಅವರ ಜಗಲೀಲಿ ಕುಂತು ನನ್ನ ಪಾಡು ಹೇಳ್ಕೊಂಡೆ. ಅವರು ಅವರೆಕಾಯಿ ಸುಲೀತಾ ಕೇಳಿದ್ರು, "ಕೂಸು ಈಗ ಏನೇನ್ ಮಾಡ್ತದೆ ಅಂತ ಕೇಳ್ದೇನಮ್ಮಿ?"

"ಇಲ್ಲ."

"ಮೊದ್ಲು ಅದನ್ನ ಕೇಳು. ಏನ್ ಮಾಡಾಕೆ ಒದ್ದಾಡ್ತಾ ಅವ್ನೋ ಅದನ್ನ ಇನ್ನೊಂದಿಷ್ಟು ಮಾಡಾಕೆ ಒಂದು ಸಾಮಾನು ಕೊಡು. ಅಷ್ಟೆಯ."

ಆಮೇಲೆ ಅವರೇ ಬಿಡಿಸಿ ಹೇಳಿದ್ರು. ಒಂದೊರ್ಷದ ಆಸುಪಾಸಲ್ಲಿ ಮಕ್ಕಳು ಹೆಬ್ಬೆಟ್ಟು ತೋರುಬೆರಳು ಸೇರಿಸಿ ಸಣ್ಣ ಸಾಮಾನು ಚಿವುಟಿ ಎತ್ತತವೆ. ಡಬ್ಬಿಗೆ ಹಾಕೋದು, ತೆಗೆಯೋದು ಕಲೀತವೆ. ಬೇಕಂತಲೇ ಬೀಳಿಸಿ ಎಲ್ಲಿ ಬಿತ್ತು ಅಂತ ಬಗ್ಗಿ ನೋಡ್ತವೆ. ಟವೆಲ್ ಕೆಳಗೆ ಚೆಂಡು ಬಚ್ಚಿಟ್ರೆ ಟವೆಲ್ ಎಳೆದು ಹುಡುಕ್ತವೆ, ಕಣ್ಣಿಗೆ ಕಾಣದಿದ್ರೂ ಸಾಮಾನು ಅಲ್ಲೇ ಅದೆ ಅನ್ನೋ ಬುದ್ಧಿ ಬಂದಿರ್ತದೆ. ಹಿಡ್ಕೊಂಡು ನಿಂತ್ಕೊತವೆ. ಹೆಸರು ಹಿಡಿದು ಕೂಗಿದ್ರೆ ತಿರುಗ್ತವೆ, ಟಾಟಾ ಮಾಡ್ತವೆ, ಒಂದೋ ಎರಡೋ ಮಾತು ಅಂತವೆ. ತಾಯಿ ಕಾರ್ಡಲ್ಲೂ ಯಾವ ವಯಸ್ಸಿಗೆ ಮಗು ಏನ್ ಮಾಡ್ಬೇಕು ಅಂತ ಚಿತ್ರ ಹಾಕಿರ್ತಾರೆ, ನಾವು ಇಂಜೆಕ್ಷನ್ ತಾರೀಕು ನೋಡಿ ಮಡಿಚಿಡ್ತೀವಿ, ಆ ಪುಟ ತಿರುವೋದಿಲ್ಲ ಅಂದ್ರು.

ಇನ್ನೊಂದು ಮಾತೂ ಅಂದ್ರು, ನಂಗೆ ಅಲ್ಲೀವರ್ಗೂ ಗೊತ್ತಿರ್ಲಿಲ್ಲ. ಈ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟಿದ್ದೇ ತಿ. ನರಸೀಪುರ ತಾಲೂಕಲ್ಲಂತೆ, ನೂರು ಕೇಂದ್ರ ತೆರೆದಿದ್ರಂತೆ. "ನೀನು ಉಡುಗೊರೆ ತಕೊಂಡೋಯ್ತಾ ಇರೋದು ಅಂಗನವಾಡಿ ತವರಿಗೆ ಕನಮ್ಮಿ, ನೋಡ್ಕೊಂಡು ತಕೊಂಡೋಗು" ಅಂತ ನಕ್ಕರು.

ಮನೆಗೆ ಬಂದು ತಂಗಿ ಮಗಳಿಗೆ ಫೋನ್ ಮಾಡಿದೆ. "ಏನೇನ್ ಮಾಡ್ತಾನವ್ವ ನಿನ್ ಮಗ?"

"ಅಯ್ಯೊ, ಏನ್ ಮಾಡಾಕಿಲ್ಲ ಕೇಳು. ಅಡುಗೆಮನೆ ಡಬ್ಬಿಯೆಲ್ಲ ಆಚೆಗೆ ಎಳೀತಾನೆ. ಚಮಚ ಎಸೀತಾನೆ. ಮಂಚ ಹಿಡ್ಕೊಂಡು ಸುತ್ತ ಬತ್ತಾನೆ."

"ಮಾತು?"

"ಇನ್ನೂ ಇಲ್ಲ ದೊಡ್ಡವ್ವ. ಮುಂಚೆ ಬಾ ಬಾ ಬಾ ಅಂತ ಏನೋ ಅನ್ನೋನು, ಈಗ ಅದೂ ಕಮ್ಮಿ. ಅತ್ತೆ ಅಂತವ್ರೆ, ಗಂಡುಮಕ್ಕಳು ನಿಧಾನ ಅಂತ."

ಹೌದೌದು ಅಂದು ನಾನೂ ಇಟ್ಟೆ. ಆವತ್ತು ಅದು ನನ್ನ ತಲೆಗೆ ಹೋಗ್ಲಿಲ್ಲ.

ಮೈಸೂರಿಗೆ ಹೆಂಗೂ ಕೆಲಸ ಇತ್ತು. ಕಾವೇರಿ ಎಂಪೋರಿಯಂಗೆ ಹೋಗಿ ಚನ್ನಪಟ್ಟಣದ ಸಾಮಾನು ನೋಡಿದೆ. ಹಾಲೆ ಮರದ ಸಾಮಾನು ಅದು, ಹಗುರ, ನುಣುಪು. ಲೇತಲ್ಲಿ ಮರ ತಿರುಗ್ತಾ ಇರೋವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳ್ತದೆ, ಆಮೇಲೆ ಗರಿಯಲ್ಲಿ ಒತ್ತಿ ಹೊಳಪು ತರ್ತಾರೆ. ಮೇಲೆ ಬಳಿದ ಬಣ್ಣದ ಹಂಗೆ ಚಕ್ಕೆ ಏಳೋದಿಲ್ಲ. ಒಂದೊರ್ಷದ ಕೂಸು ಮೊದಲು ಸಾಮಾನು ನೋಡೋದೇ ಬಾಯಲ್ಲಿ, ಅದಕ್ಕೆ ಇದು ಮುಖ್ಯ. ಆದ್ರೂ ಚನ್ನಪಟ್ಟಣದ್ದು ಅಂತ ಹೇಳಿ ಬೇರೆ ಬಣ್ಣ ಬಳಿದಿದ್ದೂ ಮಾರ್ತಾರೆ. ಒದ್ದೆ ಕರ್ಚೀಫಲ್ಲಿ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಅಲ್ಲೇ ಬುಟ್ಬುಡಿ.

ಪ್ಲಾಸ್ಟಿಕ್ಕೇ ತಕೊಳ್ಳೋದಾದ್ರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟದ ಸಾಮಾನಿಗೆ ಅದು ಕಡ್ಡಾಯ. ನೋಂದಣಿ ಆದ ಕುಶಲಕರ್ಮಿಗಳ ಕೈಕೆಲಸಕ್ಕೆ, ಭೌಗೋಳಿಕ ಗುರುತು ಸಿಕ್ಕಿರೋ ಚನ್ನಪಟ್ಟಣದಂಥ ಸಾಮಾನಿಗೆ ವಿನಾಯ್ತಿ ಇದೆ, ಅದರ ಮೇಲೆ ಕಾಣ್ಲಿಲ್ಲ ಅಂತ ಗಾಬ್ರಿ ಆಗ್ಬೇಡಿ.

ಎಲ್ಲಕ್ಕಿಂತ ಮೊದಲು ನೋಡ್ಬೇಕಾದ್ದು ಗಾತ್ರ. ಸಣ್ಣ ಮಕ್ಕಳಿಗೆ ಯಾವುದು ಅಪಾಯ ಅಂತ ಪರೀಕ್ಷೆ ಮಾಡಾಕೆ ಒಂದು ಅಳತೆ ಕೊಳವೆ ಇಟ್ಟಿರ್ತಾರೆ, ಅದರ ಬಾಯಿ 3.17 ಸೆಂಟಿಮೀಟರ್ ಅಗಲ. ಅದರೊಳಗೆ ಪೂರ್ತಿ ಕೂರೋದು ಯಾವುದೂ ಮೂರು ವರ್ಷದೊಳಗಿನ ಮಗೀಗೆ ಬೇಡ. ನಮ್ಮ ಹತ್ತು ರೂಪಾಯಿ ನಾಣ್ಯ 2.7 ಸೆಂಟಿಮೀಟರ್, ಅಂದ್ರೆ ನಾಣ್ಯಕ್ಕಿಂತ ಚೂರು ದಪ್ಪ ಇದ್ರೂ ಗಂಟಲಿಗೆ ಸಿಕ್ಕಾಕೊಳ್ಳೋ ಅಂಥದ್ದೇ.

ನರಸೀಪುರದೋರಿಗೆ ಒಂದು ಮಾತು ಬಿಡಿಸಿ ಹೇಳ್ತೀನಿ. ಅಲ್ಲಿ ಗುಂಜಾ ನರಸಿಂಹಸ್ವಾಮಿ ಅವ್ನೆ, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋ ಕ್ಷೇತ್ರ. ಗುಲಗಂಜಿ ನಮಗೆ ದೇವರ ವಸ್ತು, ಅಕ್ಕಸಾಲಿಗರ ತೂಕ, ಅಳಗುಳಿ ಮಣೆ ಕಾಯಿ. ಕೆಂಪಗೆ ಮುದ್ದಾಗೂ ಇರ್ತದೆ. ಆದ್ರೆ ಅಗಿದ್ರೆ ಅದು ವಿಷ. ಮನೇಲಿ ಹಳೇ ಮಣೆ ಇದ್ರೆ ಕಾಯಿ ಎಲ್ಲ ಎಣಿಸಿ ಅಟ್ಟ ಹತ್ತಿಸಿ. ಗುಲಗಂಜಿ ಪೋಣಿಸಿದ ಸರ, ಕೈಗೆ ಕಟ್ಟೋ ಮಣಿ ಯಾವುದನ್ನೂ ಕೂಸಿಗೆ ಕೊಡಬೇಡಿ.

ಇನ್ನೊಂದು ಹೊಸ ಕಾಲದ ಗುಲಗಂಜಿ, ಬಟನ್ ಸೆಲ್ಲು. ಹಾಡೋ ಸಾಮಾನು, ರಿಮೋಟು, ಮಿಣುಕೋ ಚಪ್ಪಲಿ ಎಲ್ಲದರಲ್ಲೂ ಇರ್ತದೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿದ್ರೆ ಎರಡೇ ಗಂಟೇಲಿ ಒಳಗೆ ಸುಡಾಕೆ ಶುರು ಆಗ್ತದೆ. ನಾಳೆ ಕಕ್ಕಸಲ್ಲಿ ಬತ್ತದೆ ಅಂತ ಕಾಯಬೇಡಿ, ವಾಂತಿ ಮಾಡಿಸಬೇಡಿ, ಆ ಕ್ಷಣ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಸೆಲ್ ಹಾಕೋ ಬಾಗಿಲಿಗೆ ಸ್ಕ್ರೂ ಇರ್ಬೇಕು. ಸ್ಕ್ರೂ ಇಲ್ದೆ ಉಗುರಲ್ಲೇ ತೆಗೆಯೋ ಹಂಗಿದ್ರೆ ಆ ಸಾಮಾನು ಬೇಡವೇ ಬೇಡ.

ಕೊನೆಗೆ ಎರಡು ಸಾಮಾನು ಆರಿಸ್ದೆ. ಒಂದು ಮರದ ಗಿಲಕಿ. ಇನ್ನೊಂದು ಕಂಬಕ್ಕೆ ಬಣ್ಣದ ಬಳೆ ಪೋಣಿಸೋದು. ಎರಡೂ ಸೇರಿ ಆರ್ನೂರು ಚಿಲ್ಲರೆ. ಗಿಲಕಿ ಒಂದೊರ್ಷದೋನಿಗೆ ಚಿಕ್ಕದಾಯ್ತೇನೋ ಅನ್ನಿಸ್ತು, ಆದ್ರೂ ಅದರ ಸದ್ದು ಇಷ್ಟ ಆಗಿ ತಕೊಂಡೆ. ನಮ್ಮನೆಯವರು ನೋಡಿ, "ಇಷ್ಟೇನಾ?" ಅಂದ್ರು.

ಭಾನ್ವಾರ ಬೆಳಿಗ್ಗೆ ಬಸ್ ಹತ್ತಿ ಹೋದೆ. ಮನೆ ತುಂಬ ಜನ. ಉಡುಗೊರೆ ಒಂದು ಮೂಲೇಲಿ ಗುಡ್ಡೆ ಬಿದ್ದಿತ್ತು. ಅಂಗಡೀಲಿ ನೋಡಿದ ಅದೇ ಲೈಟಿನ ಕಾರು ಬಂದಿತ್ತು, ಒಂದಲ್ಲ, ಎರಡು. ಕೂಸನ್ನ ಒಳಗೆ ಕೂರಿಸೋ ವಾಕರ್ ಒಂದು ಬಂದಿತ್ತು. ಅದರ ಬಗ್ಗೆ ಅಂಗನವಾಡಿ ಅಕ್ಕ ಮೊದಲೇ ಎಚ್ಚರಿಸಿದ್ರು. ಅದು ನಡೆಯೋದನ್ನ ಕಲಿಸೋದಿಲ್ಲ, ಬೆರಳ ತುದೀಲಿ ನೂಕೋದನ್ನ ಕಲಿಸ್ತದೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮೆಟ್ಲಿಗೆ, ಒಲೆಗೆ ಹೋಗಿರ್ತದೆ. ಕೆನಡಾದಲ್ಲಿ 2004ರಿಂದ ಅದನ್ನ ಮಾರೋ ಹಂಗೇ ಇಲ್ಲ. ಅದಕ್ಕಿಂತ ನಮ್ಮ ಮರದ ಮೂರುಗಾಲಿ ಬಂಡಿ ಎಷ್ಟೋ ವಾಸಿ, ಕೂಸೇ ಎದ್ದು ನಿಂತು, ತನ್ನ ಕಾಲ ಮೇಲೆ ತಾನೇ ತಳ್ಕೊಂಡು ಹೋಗ್ತದೆ.

ಕೂಸು ಅವರವ್ವನ ತೊಡೆ ಮೇಲೆ ಕುಂತು ಕಾರಿನ ಲೈಟು ನೋಡ್ತಾ ಇತ್ತು. ಒಳ್ಳೆ ಚುರುಕು ಕಣ್ಣು. ಲೈಟು ಎಲ್ಲಿ ಹೋದ್ರೆ ಅಲ್ಲಿ ಕಣ್ಣು. ನಾನು ಹಿಂದಿನಿಂದ ಬಂದು ಕುಂತು ಚೀಲದಿಂದ ಗಿಲಕಿ ತೆಗೆದು ಅವನ ಬೆನ್ನ ಹಿಂದೆ ಆಡಿಸ್ದೆ.

ತಿರುಗ್ಲಿಲ್ಲ.

ಲೈಟಲ್ಲಿ ಮುಳುಗವ್ನೆ ಅಂದ್ಕೊಂಡೆ. ಕಾರು ನಿಂತ ಮೇಲೆ ಮತ್ತೆ ಆಡಿಸ್ದೆ, ಈ ಕಿವಿ ಹತ್ರ, ಆ ಕಿವಿ ಹತ್ರ. ಇಲ್ಲ. ಮುಂದೆ ತಂದು ತೋರಿಸ್ದೆ, ಮುಖ ಅರಳ್ತು, ಎರಡೂ ಕೈ ಚಾಚಿ ಕಿತ್ಕೊಂಡ. ಬಾಯಿಗೆ ಇಟ್ಕೊಂಡ. ಒಂದು ಸಲವೂ ಆಡಿಸ್ಲಿಲ್ಲ. ಗಿಲಕಿ ಕೈಗೆ ಸಿಕ್ಕಿದ ಕೂಸು ಆಡಿಸದೆ ಇರೋದನ್ನ ನಾನು ನೋಡಿರ್ಲಿಲ್ಲ.

ಕೇಕ್ ಕುಯ್ದಾಗ ಒಬ್ಬ ಹುಡುಗ ಬಲೂನ್ ಒಡ್ದ. ಡಬ್ ಅಂದಿದ್ದಕ್ಕೆ ಕೂಸು ಬೆಚ್ಚಿ ತಿರುಗ್ತು. ಅಬ್ಬ, ಕೇಳ್ತದೆ ಅಂತ ಜೀವ ಬಂತು. ಆದ್ರೆ ಅವರಪ್ಪ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ್ರೆ ಇಲ್ಲ, ಎದುರಿಗೆ ಬಂದ್ರೆ ನಗು.

ಊಟ ನಂಗೆ ಗಂಟಲಲ್ಲಿ ಇಳೀಲಿಲ್ಲ. ಹೇಳೋದಾ ಬ್ಯಾಡ್ವಾ? ಹುಟ್ಟಿದಬ್ಬದ ದಿನ. ನನ್ನ ಮನೆಯಲ್ಲ, ಬೀಗರ ಮನೆ. ತಪ್ಪಾದ್ರೆ ಜನ್ಮ ಪೂರ್ತಿ ನನ್ನ ಮೇಲೆ ಮಾತು. ಸುಮ್ನಿದ್ರೆ? ಕೈ ತೊಳೆಯಾಕೆ ಹಿತ್ತಿಲಿಗೆ ಹೋದಾಗ ತಂಗಿ ಮಗಳು ಹಿಂದೇನೇ ಬಂದ್ಲು. "ಯಾಕ್ ದೊಡ್ಡವ್ವ, ಸಾರು ಚೆಂದಾಗಿರ್ನಿಲ್ವಾ?" ಅಂದ್ಲು. ಅವಳ ಕೈ ಹಿಡ್ಕೊಂಡು ಹೇಳ್ಬುಟ್ಟೆ. "ಕೂಸಿನ ಕಿವಿ ಒಂದ್ಸಲ ತೋರ್ಸವ್ವ."

ಅವಳು ಏನೂ ಅನ್ನಲಿಲ್ಲ. ಅವರತ್ತೆ ಬಾವಿಕಟ್ಟೆ ಹತ್ರ ಪಾತ್ರೆ ಇಡ್ತಾ ಇದ್ರು, ಕೇಳಿಸ್ಕೊಂಡ್ರು. "ಒಳ್ಳೆ ದಿನ ಎಂಥಾ ಮಾತಾಡೀರಿ ಅಕ್ಕ. ಅವರ ತಾತ ಮಾತಾಡಿದ್ದೇ ಮೂರು ವರ್ಷಕ್ಕೆ" ಅಂದು ಒಳಗೋದ್ರು. ನಾನು ಎಲೆಅಡಿಕೆ ತಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದೆ. ದಾರಿ ಉದ್ದಕ್ಕೂ, ಹೇಳಬಾರದಿತ್ತೇನೋ ಅಂತ.

ರಾತ್ರಿ ಹನ್ನೊಂದಕ್ಕೆ ಫೋನು. ಪಿಸುಮಾತು. "ದೊಡ್ಡವ್ವ, ಎಲ್ರೂ ಮಲಗವ್ರೆ. ನಾನು ದೀಪ ಆರ್ಸಿ, ಅವನ ಬೆನ್ನ ಹಿಂದೆ ಗಿಲಕಿ ಆಡ್ಸಿದೆ. ನಾಕು ಸಲ. ತಿರುಗ್ನಿಲ್ಲ."

ಅದು ಪರೀಕ್ಷೆ ಅಲ್ಲ, ತಿಳ್ಕೊಳ್ಳಿ. ಗಿಲಕಿಗೆ ತಿರುಗ್ಲಿಲ್ಲ ಅಂದ ಮಾತ್ರಕ್ಕೆ ಕಿವುಡು ಅಂತಲ್ಲ, ತಿರುಗಿದ್ರೆ ಎಲ್ಲ ಸರಿ ಅಂತಲೂ ಅಲ್ಲ. ತೋರಿಸಾಕೆ ಅದೊಂದು ಕಾರಣ, ಅಷ್ಟೆ. ನಮ್ಮ ಪುಣ್ಯ, ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆ ಮೂಲೆಯಿಂದ ಮಕ್ಕಳನ್ನ ಎತ್ಕೊಂಡು ಅಲ್ಲಿಗೆ ಬರ್ತಾರೆ, ನಾವು ಒಂದು ಗಂಟೆ ದಾರೀಲಿ ಇದ್ಕೊಂಡು ಗೇಟೂ ನೋಡಿರ್ಲಿಲ್ಲ. ತಂಗಿ ಮಗಳು, ಅವಳ ಗಂಡ, ನಾನು ಮೂವರೂ ಹೋದ್ವಿ. ಒಂದು ದಿನಕ್ಕೆ ಮುಗೀಲಿಲ್ಲ. ಕಿವಿಗೆ ಸಣ್ಣ ಬಿರಡೆ ಇಟ್ಟು ಒಂದು ಪರೀಕ್ಷೆ. ಕೂಸು ನಿದ್ದೆ ಹೋದ ಮೇಲೆ ತಲೆಗೆ ವೈರು ಅಂಟಿಸಿ, ಕಿವಿಗೆ ಸದ್ದು ಬುಟ್ಟು, ಆ ಸದ್ದು ನರದಲ್ಲಿ ಮಿದುಳಿಗೆ ಮುಟ್ತದಾ ಅಂತ ನೋಡೋ ಇನ್ನೊಂದು ಪರೀಕ್ಷೆ, ಬೆರಾ ಅಂತಾರೆ. ನೋವಿಲ್ಲ.

ಎರಡೂ ಕಿವೀಲಿ ಕಮ್ಮಿ ಕೇಳ್ತದೆ ಅಂದ್ರು. ಪೂರ್ತಿ ಇಲ್ಲ ಅಂತಲ್ಲ. ಬಲೂನು, ಬಾಗಿಲು ಬಡಿಯೋದು ಕೇಳ್ತದೆ, ಮಾತು ಕೇಳೋದಿಲ್ಲ. ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿರ್ಲಿಲ್ಲ. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿಸಿದ್ರಾ ಅಂತ ಕೇಳಿದ್ರು. ಇಲ್ಲ, ಅಂಥದ್ದೊಂದು ಇದೆ ಅಂತ ಯಾರೂ ಹೇಳಿರ್ಲಿಲ್ಲ. ಲೆಕ್ಕ ಹಿಂಗಂತೆ: ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ನಾವು ಬಂದಿದ್ದು ಹನ್ನೆರಡು ತಿಂಗಳಿಗೆ. "ಈಗಲಾದ್ರೂ ಬಂದ್ರಲ್ಲ, ಮೂರು ನಾಕು ವರ್ಷಕ್ಕೆ ಬರೋರೂ ಇದ್ದಾರೆ" ಅಂದ್ರು ಅಲ್ಲಿನ ಮೇಡಂ.

ಬಾ ಬಾ ಬಾ ಅಂತಿದ್ದೋನು ಯಾಕೆ ನಿಲ್ಲಿಸ್ದ ಅಂತ್ಲೂ ಅವರೇ ಹೇಳಿದ್ರು. ಕೇಳದ ಮಕ್ಕಳೂ ಮೊದಮೊದಲು ಸದ್ದು ಮಾಡ್ತವೆ. ತನ್ನ ಸದ್ದೂ ತನಗೆ ಸರಿಯಾಗಿ ಕೇಳ್ದೆ, ನಮ್ಮ ಮಾತೂ ಕೇಳ್ದೆ ಇದ್ದಾಗ ಅದು ಕಮ್ಮಿ ಆಗ್ತದೆ. ಅವಳು ಫೋನಲ್ಲಿ ಹೇಳಿದ ಮಾತು ಅದೇ. ನಾನು ಹೌದೌದು ಅಂದು ಫೋನ್ ಇಟ್ಟಿದ್ದೆ.

ಸಂಬಂಧದೊಳಗೆ ಮದುವೆಯಾ ಅಂತ್ಲೂ ಕೇಳಿದ್ರು. ಹೌದು. ತಂಗಿ ಮಗಳನ್ನ ಕೊಟ್ಟಿರೋದು ಅವಳ ಸೋದರತ್ತೆ ಮಗನಿಗೇ. ನಮ್ಮ ಕಡೆ ಇದು ಹೊಸದಲ್ಲ, ಹೊಲ ಮನೆ ಹೊರಗೆ ಹೋಗಬಾರದು ಅಂತ ಮಾಡ್ಕೊಂಡು ಬಂದಿದ್ದು. ರಕ್ತ ಸಂಬಂಧದಲ್ಲಿ ಮದುವೆ ಆದ್ರೆ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚಾಗ್ತದೆ, ಆದ್ರೆ ಈ ಕೂಸಿಗೆ ಇದೇ ಕಾರಣ ಅಂತ ನಾವು ಹೇಳ್ತಾ ಇಲ್ಲ, ಯಾರನ್ನೂ ಬಯ್ಬೇಡಿ ಅಂದ್ರು. ಆದ್ರೂ ಆವತ್ತು ರಾತ್ರಿ ಆ ಮನೇಲಿ ಅವರತ್ತೆ ಉಣ್ಣಲಿಲ್ಲವಂತೆ. ಮದುವೆಗೆ ಹಟ ಹಿಡಿದಿದ್ದು ಅವರೇ. ಮಾರನೆ ದಿನ ನಂಗೆ ಫೋನ್ ಮಾಡಿ, "ಅಕ್ಕ, ನಾನಂದ ಮಾತ ಮನಸಿಗೆ ಹಾಕೋಬ್ಯಾಡಿ" ಅಂದು ಬಾಳ ಹೊತ್ತು ಸುಮ್ನಿದ್ರು. ನಾನೂ ಸುಮ್ನಿದ್ದೆ. ನನ್ನ ತಂಗಿಗೂ ಆ ಸಂಬಂಧ ಇಷ್ಟ ಇತ್ತು, ನಾನೂ ನಿಂತು ಅಕ್ಷತೆ ಹಾಕಿದ್ದೀನಿ.

ಎರಡು ತಿಂಗಳಲ್ಲಿ ಕೂಸಿಗೆ ಕಿವಿ ಮಿಶನ್ ಬಂತು. ಕಿವಿ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಮಾಡಿ ಕೊಟ್ರು. ಅಷ್ಟಕ್ಕೆ ಮುಗೀಲಿಲ್ಲ. ಮಿಶನ್ ಸದ್ದನ್ನ ಕಿವಿಗೆ ತಲುಪಿಸ್ತದೆ, ಸದ್ದನ್ನ ಮಾತು ಮಾಡೋದು ಮನೆಯೋರ ಕೆಲಸ. ಅವ್ವಂದಿರಿಗೆ ಅಲ್ಲೇ ಕಲಿಸ್ತಾರೆ, ಮನೇಲಿ ಹೆಂಗೆ ಮಾತಾಡಿಸ್ಬೇಕು, ಹೆಂಗೆ ಆಡಿಸ್ಬೇಕು ಅಂತ. ಆವಾಗ ನಂಗೆ ಆಟದ ಸಾಮಾನಿನ ಇನ್ನೊಂದು ಗುಟ್ಟು ತಿಳೀತು. ಯಾವ ಸಾಮಾನು ದೊಡ್ಡೋರ ಬಾಯಿ ಬಿಡಿಸ್ತದೋ ಅದು ಒಳ್ಳೆ ಸಾಮಾನು. ಹಾಡೋ ಕಾರು ಹಾಡ್ತಾ ಇದ್ರೆ ನಾವು ಬಾಯಿ ಮುಚ್ಕೊಂಡು ಕುಂತಿರ್ತೀವಿ. ಚೆಂಡು ಉರುಳಿಸಾಕೆ ಕುಂತ್ರೆ "ಬಂತು ಬಂತು, ಹಿಡ್ಕೊ, ನಂಗೆ ಕೊಡು" ಅಂತ ಮಾತು ತಾನಾಗೇ ಬರ್ತದೆ. ಚೆನ್ನಾಗಿ ಕೇಳೋ ಮಕ್ಕಳಿಗೂ ಇದೇ ಮಾತು. ಮೊಬೈಲೂ ಅಷ್ಟೆ. ಎರಡು ವರ್ಷದವರ್ಗೂ ಪರದೆ ತೋರಿಸ್ಲೇಬೇಡಿ ಅಂತ ನಮ್ಮ ದೇಶದ ಮಕ್ಕಳ ಡಾಕ್ಟರ ಸಂಘವೂ ಹೇಳಿದೆ. ದೂರದಲ್ಲಿರೋ ತಾತ ಅಜ್ಜಿಗೆ ಮುಖ ತೋರಿಸಿ ಮಾತಾಡಿಸೋದು ಮಾತ್ರ ಅಡ್ಡಿ ಇಲ್ಲ.

ಈಗ ಯಾರಾದ್ರು ಒಂದೊರ್ಷದ ಕೂಸಿಗೆ ಏನ್ ತಕೊಂಡೋಗೋದು ಅಂತ ಕೇಳಿದ್ರೆ ನಾನು ಹೇಳೋದು ಇಷ್ಟು. ಅಂಗೈ ಅಗಲದ ಒಂದು ಚೆಂಡು. ಕಂಬದ ಬಳೆ, ಆದ್ರೆ ಈ ವಯಸ್ಸಿಗೆ ಬರೀ ತೆಗೀತವೆ, ಹಾಕೋದು ನಿಧಾನಕ್ಕೆ ಬರ್ತದೆ, ಹಾಕ್ಲಿಲ್ಲ ಅಂತ ಕೊರಗಬೇಡಿ. ಒಂದರೊಳಗೊಂದು ಕೂರೋ ಲೋಟಗಳು, ಅಂಗಡೀವೇ ಆಗಬೇಕಿಲ್ಲ, ಅಂಚು ಚೂಪಿಲ್ಲದ ಸ್ಟೀಲ್ ಬಟ್ಟಲಾದ್ರೂ ಸರಿ. ಮೂರುಗಾಲಿ ಬಂಡಿ. ದಪ್ಪ ರಟ್ಟಿನ ಚಿತ್ರದ ಪುಸ್ತಕ. ಒಂದು ಸಣ್ಣ ಡೋಲು. ಸದ್ದು ಮಾಡೋದು ಯಾವುದೇ ತಕೊಂಡ್ರೂ ಮೊದಲು ನಿಮ್ಮ ಕಿವಿ ಹತ್ರ ಇಟ್ಟು ಕೇಳಿ, ನಿಮಗೆ ಕರ್ಕಶ ಆದ್ರೆ ಕೂಸಿಗೂ ಕರ್ಕಶವೇ. ಆಮೇಲೆ ಒಂದು ಗಿಲಕಿ, ಬೆಲೆ ನೋಡಬೇಡಿ, ಅದೂ ಇರ್ಲಿ. ಕೊಟ್ಟು ಬರಬೇಡಿ, ಕುಂತು ಅರ್ಧ ಗಂಟೆ ಆಡಿಸಿ ಬನ್ನಿ. ಏನಾದ್ರು ಕಣ್ಣಿಗೆ ಬಿದ್ರೆ ಬಾಯಿ ಬಿಟ್ಟು ಹೇಳಿ, ಹಿತ್ತಿಲಲ್ಲಾದ್ರೂ ಸರಿ.

ಹೋದ ವಾರ ನರಸೀಪುರಕ್ಕೆ ಹೋಗಿದ್ದೆ. ಕೂಸಿಗೆ ಈಗ ಎರಡು ವರ್ಷ ಹತ್ರ ಬಂತು. ಅವ್ವ, ತಾತ, ಬಾ, ಕೊಡು, ಬ್ಯಾಡ, ಇಷ್ಟು ಮಾತು ಬಂದಿದೆ. ಬ್ಯಾಡ ಅನ್ನೋದು ಜಾಸ್ತಿ. ವಯಸ್ಸಿಗೆ ಕಮ್ಮಿಯೇ, ಇನ್ನೂ ಬಾಳ ದೂರ ಹೋಗ್ಬೇಕು, ವಾರ ವಾರ ಮೈಸೂರು ತಪ್ಪಿಲ್ಲ. ನಾನು ಬಾಗಿಲಲ್ಲಿ ನಿಂತು ಗಿಲಕಿ ಆಡಿಸ್ದೆ. ಅಡುಗೆಮನೇಲಿ ಕುಂತಿದ್ದೋನು ತಿರುಗಿ ನೋಡ್ದ, ನನ್ನನ್ನ ನೋಡಿ ಮತ್ತೆ ಅವನ ಕೆಲಸಕ್ಕೆ ಹೋದ. ಏನ್ ಕೆಲಸ ಅಂತೀರಿ? ಒಂದು ಕಿವಿಯ ಮಿಶನ್ ಕಿತ್ತು ಅವ್ವನ ತಪ್ಪಲೆಗೆ ಹಾಕೋದು, ಮುಚ್ಚಳ ಮುಚ್ಚೋದು, ತೆಗೆದು ನೋಡೋದು. ಅವರಜ್ಜಿ ಓಡಿ ಬಂದು ಮೊದಲು ಸೆಲ್ಲಿನ ಬಾಗಿಲು ಮುಟ್ಟಿ ನೋಡಿದ್ರು. ಬೀಗ ಇರೋ ಬಾಗಿಲು ಅದು, ಸೆಲ್ ಒಳಗೇ ಇತ್ತು. ಒರೆಸಿ, ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕಿವಿಗೆ ಇಟ್ರು.

"ಅಷ್ಟೊಂದು ಸಾಮಾನು ಬಂದವೆ ಅಕ್ಕ, ಇವನ್ಗೆ ಆಡಾಕೆ ಇದೇ ಬೇಕು ನೋಡಿ" ಅಂದ್ರು. ಕೂಸು ಅವರ ಬಾಯನ್ನೇ ನೋಡ್ತಾ, "ಬ್ಯಾಡ" ಅಂತು.